ಅಮೀನಗಡ ಕರದಂಟು: ಅಂಟು ಯಾವ ಗಿಡದ್ದು, ಯಾವ ದೇಶದ್ದು?

ಹುನಗುಂದ: ಕರಿದ ಅಂಟು ಅನ್ನೋದೇ ಬಾಯಿಂದ ಬಾಯಿಗೆ ಬಂದು ಕರದಂಟು ಆಯಿತು. ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ, ಬೆಲ್ಲ ಎಷ್ಟೇ ಸುರಿದರೂ ಹೆಸರು ನಿಂತಿರೋದು ತುಪ್ಪದಲ್ಲಿ ಅರಳುವ ಆ ಅಂಟಿನ ಮೇಲೆ. ಐಹೊಳೆ, ಕೂಡಲಸಂಗಮ ನೋಡಲು ಬಂದವರು ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ಒಂದೆರಡು ಪೊಟ್ಟಣ ಕಟ್ಟಿಸಿಕೊಂಡೇ ಮುಂದೆ ಹೋಗುತ್ತಾರೆ. 'ಡ್ರೈಫ್ರೂಟ್ಸ್ ಎಷ್ಟ್ ಹಾಕೀರಿ?' ಅಂತ ಕೇಳುವ ಗಿರಾಕಿ ಸಿಗುತ್ತಾರೆ. 'ಅಂಟು ಯಾವ ಗಿಡದ್ದು?' ಅಂತ ಕೇಳುವವರು ಇಲ್ಲ. ಕೇಳಿದರೂ 'ಹೋಲ್‌ಸೇಲ್‌ನವರು ಕಳಸ್ತಾರ್ರೀ' ಅನ್ನೋದಕ್ಕಿಂತ ಹೆಚ್ಚಿನ ಉತ್ತರ ಸಿಗೋದು ಕಷ್ಟ.

ಈ ಪ್ರಶ್ನೆ ಈಗ ಯಾಕೆ ಅಂದರೆ, ಅಂಟಿನ ಪೇಟೆಯ ಬುಡದಲ್ಲೇ ಬೆಂಕಿ ಬಿದ್ದಿದೆ. ಜಗತ್ತಿನ ಅರೇಬಿಕ್ ಗೋಂದಿನಲ್ಲಿ ಸುಮಾರು ಶೇ 70ರಿಂದ 80ರಷ್ಟು ಬರೋದು ಆಫ್ರಿಕಾದ ಸುಡಾನ್ ದೇಶದಿಂದ. ಅಲ್ಲಿ 2023ರ ಏಪ್ರಿಲ್ 15ರಂದು ಸೇನೆ ಮತ್ತು ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ನಡುವೆ ಯುದ್ಧ ಶುರುವಾಯಿತು. ಗೋಂದಿನ ಗಿಡಗಳು ಹಬ್ಬಿರುವ ಕೊರ್ಡೊಫಾನ್ ಮತ್ತು ಡಾರ್ಫರ್ ಸೀಮೆಗಳೇ ರಣರಂಗವಾದವು. ಮಾಲು ಗಡಿ ದಾಟಿ ಪಕ್ಕದ ದೇಶಗಳಿಗೆ ಕಳ್ಳದಾರಿಯಲ್ಲಿ ಹೋಗುತ್ತಿದೆ ಎಂಬ ವರದಿಗಳೂ ಬಂದಿವೆ. ಹಾಗೆ ಹೋದ ಮಾಲಿಗೆ ಊರೂ ಇರಲ್ಲ, ಗುರುತೂ ಇರಲ್ಲ.

ಈ ಗೋಂದು ಎಂಥ ಸಾಮಾನು ಅಂದರೆ, 1997ರಲ್ಲಿ ಅಮೆರಿಕ ಸುಡಾನ್ ಮೇಲೆ ವ್ಯಾಪಾರ ನಿರ್ಬಂಧ ಹೇರಿದಾಗಲೂ ಇದಕ್ಕೆ ವಿನಾಯಿತಿ ಸಿಕ್ಕಿತ್ತು. ತಂಪು ಪಾನೀಯದಲ್ಲಿ ಸುವಾಸನೆಯ ಎಣ್ಣೆ ನೀರಿನಿಂದ ಬೇರೆಯಾಗಿ ತೇಲದ ಹಾಗೆ ಹಿಡಿದಿಡೋದು ಇದೇ. ಮಾತ್ರೆ, ಮಿಠಾಯಿ, ಮಸಿ, ಜಲವರ್ಣ ಎಲ್ಲಕ್ಕೂ ಇದು ಬೇಕು.

ಭಾರತವೂ ಆಫ್ರಿಕಾದಿಂದ ಗೋಂದು ತರಿಸಿಕೊಳ್ಳುವ ದೇಶ. ಹಾಗಂತ ನಮ್ಮ ಕಿರಾಣಿ ಅಂಗಡಿಯ ಅಂಟೆಲ್ಲ ಸುಡಾನಿನದು ಅಂತಲ್ಲ. ತೊಂದರೆ ಇರೋದು ಹೆಸರಿನಲ್ಲಿ. ನಾಲ್ಕಾರು ಗಿಡಗಳ ಸೋನೆಗೆ ನಮ್ಮಲ್ಲಿ ಒಂದೇ ಹೆಸರು: ಅಂಟು. ಹಿಂದಿಯವರಿಗೆ ಗೋಂದ್, ಮರಾಠಿಯವರಿಗೆ ಡಿಂಕ್. ಒಂದು ಕಡೆ ಮಾಲು ಕಡಿಮೆಯಾದರೆ ಇನ್ನೊಂದು ಗಿಡದ್ದು ಅದೇ ಹೆಸರಿನಲ್ಲಿ ಚೀಲ ಸೇರೋದು ಸುಲಭ. ಪೊಟ್ಟಣದ ಮೇಲೆ 'ಅಂಟು' ಅಂತಷ್ಟೇ ಬರೆದಿದ್ದರೆ ಗಿರಾಕಿಗೆ ಏನೂ ತಿಳಿಯಲ್ಲ.

ನೀರಿಗೆ ಹಾಕಿದರೆ ಜಾತಿ ಗೊತ್ತಾಗುತ್ತದೆ

ಗಾಜಿನ ಲೋಟದ ನೀರಿಗೆ ಒಂದು ಹರಳು ಹಾಕಿ ರಾತ್ರಿ ಇಡಬೇಕು. ಜಾಲಿ ಜಾತಿಯ ಅಂಟಾದರೆ, ಊರಿನದಿರಲಿ ಆಫ್ರಿಕಾದ್ದಿರಲಿ, ಬೆಳಗಾಗುವಷ್ಟರಲ್ಲಿ ಕರಗಿ ನೀರು ಜಿಗುಟಾಗಿರುತ್ತದೆ. ದಿಂಡಿಗ ಮರದ್ದಾದರೆ ಬಹುಪಾಲು ಕರಗಿ, ತಳದಲ್ಲಿ ಲೋಳೆಯಂಥದ್ದು ಉಳಿಯುತ್ತದೆ. ಇದಕ್ಕೆ ವ್ಯಾಪಾರದ ಹೆಸರು ಘಟ್ಟಿ ಗೋಂದು. ಘಟ್ಟದ ದಾರಿಯಲ್ಲಿ ಹೊತ್ತು ತರುತ್ತಿದ್ದರಿಂದ ಆ ಹೆಸರು ಬಂತು ಅಂತಾರೆ. ಕರಾಯ ಗೋಂದು ಕರಗೋದೇ ಇಲ್ಲ, ನೀರು ಕುಡಿದು ಹಲವು ಪಟ್ಟು ಉಬ್ಬುತ್ತದೆ. ಶರಬತ್ತಿಗೆ ಅದು ಸರಿ, ಕರದಂಟಿಗೆ ಹೊಂದಲ್ಲ. ಹಳೇ ಡಬ್ಬಿ ತೆಗೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೂ ಕರಾಯ ಅಂತ ಅನುಮಾನ ಪಡಬಹುದು.

ಬಾಣಲೆಯಲ್ಲೂ ಪರೀಕ್ಷೆ ಇದೆ. ಒಣಗಿದ ಒಳ್ಳೆಯ ಅಂಟು ಹದವಾದ ತುಪ್ಪದಲ್ಲಿ ಅರಳಾಗಿ ಉಬ್ಬಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಸೆ ಹಿಡಿದದ್ದು ಹೊರಗೆ ಕೆಂಪಾದರೂ ಒಳಗೆ ಗಟ್ಟಿ ಉಳಿದು ಹಲ್ಲಿಗೆ ಮೆತ್ತುತ್ತದೆ. ಬಾಣಂತಿಗೆ ಅಂಟಿನುಂಡಿ ಕಟ್ಟುವ ಅಜ್ಜಿಯರು ಅಂಟನ್ನು ಮೊದಲು ಬಿಸಿಲಿಗೆ ಹಾಕೋದು ಇದಕ್ಕೇ. ಪುಡಿ ಅಂಟು ಅಗ್ಗ ಸಿಗುತ್ತದೆ ಅಂತ ಕೊಂಡರೆ ಇದ್ಯಾವುದನ್ನೂ ಕಣ್ಣಿಂದ ನೋಡಲು ಬರಲ್ಲ. ಗಿಡದ ತೊಗಟೆ, ಮಣ್ಣು ಬೆರೆತಿದ್ದರೂ ತಿಳಿಯಲ್ಲ.

ಆದರೆ ಈ ಪರೀಕ್ಷೆಗಳು ಗಿಡದ ಜಾತಿ ಹೇಳುತ್ತವೆ, ದೇಶ ಹೇಳಲ್ಲ. ಅದನ್ನು ಹೇಳಬೇಕಾದ್ದು ಸಗಟು ವ್ಯಾಪಾರಿಯ ಬಿಲ್ಲು. ಮೂಲ ಯಾವುದು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳೋದು ಕರದಂಟು ಮಾಡುವವರ ಕೈಯಲ್ಲೇ ಇದೆ. ನಾಲ್ಕು ಅಂಗಡಿಯವರು ಕೂಡಿ ಕೇಳಿದರೆ ಯಾವ ಸಗಟಿನವರೂ ಇಲ್ಲ ಅನ್ನಲಾರರು.

ಬದುವಿನ ಜಾಲಿ ಯಾರ ಲೆಕ್ಕಕ್ಕೂ ಇಲ್ಲ

ವಿಚಿತ್ರ ಅಂದರೆ ಅಂಟು ಕೊಡುವ ಕರಿಜಾಲಿ ನಮ್ಮ ಎರೆಹೊಲದ ಬದುವಿನಲ್ಲೇ ನಿಂತಿದೆ. ಕುಂಟೆ, ನೇಗಿಲು, ಚಕ್ಕಡಿ ಗಾಲಿಗೆ ಅದರ ಕಟ್ಟಿಗೆ ಬೇಕಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಆ ಗಿರಾಕಿಯೂ ಹೋಯಿತು, ಉಳಿದದ್ದು ಉರುವಲು. ಬೇಸಿಗೆಯಲ್ಲಿ ತೊಗಟೆ ಒಡೆದಲ್ಲಿ ಅಂಟು ಮಣಿಗಟ್ಟಿ ನಿಂತಿದ್ದರೂ ಆರಿಸುವವರಿಲ್ಲ. (ಬಳ್ಳಾರಿ ಜಾಲಿ ಬೇರೆ. ಅದಕ್ಕೂ ಅಂಟು ಬರುತ್ತದೆ, ಆದರೆ ಆಹಾರಕ್ಕೆ ಬಳಸುವ ಗೋಂದುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಿಲ್ಲ. ಎರಡನ್ನೂ ಬೆರೆಸಿದರೆ ಹೆಸರು ಕೆಡೋದು ಕರದಂಟಿನದೇ.)

ರಾಜಸ್ಥಾನದವರು ಇದನ್ನು ಆದಾಯ ಮಾಡಿಕೊಂಡಿದ್ದಾರೆ. ಸುಡಾನಿನಲ್ಲಿರುವ ಅದೇ ಜಾತಿಯ ಗಿಡ ಅಲ್ಲೂ ಇದೆ, ಕುಮಟ್ ಅಂತಾರೆ. ಜೋಧ್‌ಪುರದ ಕಾಜ್ರಿ ಸಂಸ್ಥೆ, ಹಣ್ಣು ಮಾಗಿಸಲು ಬಳಸುವ ಎಥೆಫಾನ್ ದ್ರಾವಣವನ್ನು ಕಾಂಡಕ್ಕೆ ತೂತು ಕೊರೆದು ಹಾಕುವ ವಿಧಾನ ಕಂಡುಹಿಡಿಯಿತು. ತಾನಾಗಿ ಬರೋದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಅಂಟು ಬರುತ್ತದೆ. ಅಳತೆ ಮೀರಿದರೆ ಗಿಡ ಸೊರಗುತ್ತದೆ ಅನ್ನೋದೂ ಅಷ್ಟೇ ನಿಜ. ಮಧ್ಯಭಾರತ, ಆಂಧ್ರದ ಕಾಡುಗಳಲ್ಲಿ ಕಂಡಂತೆ ಗಾಯ ಮಾಡಿಸಿಕೊಂಡೇ ಕರಾಯ ಮರಗಳು ಕಡಿಮೆಯಾಗಿವೆ.

ಊರಿನ ಜಾಲಿ ಅಂಟಿಗೆ ಒಂದು ಮಿತಿ ಇದೆ. ಅಂತರರಾಷ್ಟ್ರೀಯ ವ್ಯಾಖ್ಯಾನದ ಪ್ರಕಾರ 'ಗಮ್ ಅರೇಬಿಕ್' ಅಂದರೆ ಆಫ್ರಿಕಾದ ಎರಡು ಜಾತಿಗಳದ್ದು ಮಾತ್ರ, ನಮ್ಮ ಕರಿಜಾಲಿ ಅದರಲ್ಲಿ ಸೇರಲ್ಲ. ಆ ಹೆಸರಲ್ಲಿ ರಫ್ತಿಗೆ ಹೋಗದು. ಬಣ್ಣವೂ ಎಷ್ಟೋ ಸಲ ಕಂದು. ಆದರೆ ತುಪ್ಪದ ಬಾಣಲೆಗೆ ರಫ್ತಿನ ಪಟ್ಟಿ ಬೇಕಿಲ್ಲ, ಮತ್ತು ಬೆಲ್ಲದ ಪಾಕದಲ್ಲಿ ಕಂದು ಬಣ್ಣ ಕಾಣೋದೂ ಇಲ್ಲ.

ಎಲ್ಲ ಅಂಟೂ ಊರಿನಿಂದಲೇ ಬರಬೇಕು ಅಂದರೆ ಆಗದ ಮಾತು, ಒಂದೊಂದು ಗಿಡದಿಂದ ಸಿಗೋದು ಚೂರುಪಾರು. ಒಂದು ಪಾಲನ್ನಾದರೂ ಹೊಲದವರಿಂದ ನೇರ ಕೊಂಡು, 'ಊರ ಜಾಲಿ ಅಂಟು' ಅಂತ ಪೊಟ್ಟಣದ ಮೇಲೆ ಬರೆದು, ನಾಲ್ಕು ರೂಪಾಯಿ ಹೆಚ್ಚು ಹಚ್ಚಿದರೆ ಕೊಳ್ಳುವ ಗಿರಾಕಿ ಐಹೊಳೆ ದಾರಿಯಲ್ಲಿ ಇದ್ದಾರೆ. ಕೂಲಿ ಗಿಟ್ಟುವಷ್ಟು ದರ ಮೊದಲೇ ಗೊತ್ತಾದರೆ ಆರಿಸುವವರೂ ಸಿಗುತ್ತಾರೆ. ಮಾತು ಮಾತ್ರ ಬೇಸಿಗೆಗೆ ಮುಂಚೆಯೇ ಆಗಬೇಕು. ಮಳೆ ಬಿತ್ತು ಅಂದರೆ ತೊಗಟೆ ಮೇಲಿನ ಅಂಟು ಕರಗಿ ಮಣ್ಣು ಸೇರುತ್ತದೆ. ಅಷ್ಟರೊಳಗೆ ಆರಿಸಿದ್ದೇ ಆ ವರ್ಷದ ಮಾಲು.