ಪಾಳು ಕಲ್ಲುಗಣಿಗಳೂ ಪ್ರಜೆಗಳ ಉದ್ಯಾನವೂ

ಪಾಂಡವಪುರದ ಬೇಬಿ ಬೆಟ್ಟದ ಸುತ್ತಲೂ, ಶ್ರೀರಂಗಪಟ್ಟಣ ತಾಲ್ಲೂಕಿನ ಕೆಲವೆಡೆಗಳಲ್ಲಿಯೂ ನಡೆದುಬಂದ ಕಲ್ಲುಗಣಿ ಕೆಲಸವು ಕೃಷ್ಣರಾಜಸಾಗರದ ಕಟ್ಟೆಗೆ ಅಪಾಯಕರವೆಂಬ ಶಂಕೆಯು ವಾಚಕರಿಗೆ ವಿದಿತವೇ ಆಗಿದೆ. 2024ನೆಯ ಇಸವಿಯ ಜನವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಕಟ್ಟೆಯ ಸುತ್ತ 20 ಕಿಲೋಮೀಟರುಗಳೊಳಗೆ ಗಣಿಗಾರಿಕೆ ಕೂಡದೆಂದು ಆಜ್ಞೆಮಾಡಿತು. ಕಟ್ಟೆಯ ವಿಚಾರವಾಗಿ ಚರ್ಚೆಯು ಸಾಕಷ್ಟು ನಡೆದಿದೆ. ಆದರೆ ಕೆಲಸ ನಿಂತಮೇಲೆ ಉಳಿಯತಕ್ಕ ಹಳ್ಳಗಳ ಗತಿಯೇನೆಂದು ಕೇಳುವವರು ವಿರಳ.

ಇಂತಹ ನೆಲದಲ್ಲಿ ಗಿಡ ನೆಟ್ಟು, ಜನರು ಸಂಜೆ ತಿರುಗಾಡುವ ವನವನ್ನಾಗಿ ಮಾಡಬಾರದೇಕೆಂಬ ಯೋಚನೆಯು ಯಾರಿಗಾದರೂ ಬರುವಂಥಾದ್ದೇ. ಆ ಉದ್ದೇಶವನ್ನು ನಾವು ಮನಸಾರೆ ಅನುಮೋದಿಸುತ್ತೇವೆ. ಆದರೆ ಗಿಡ ನೆಡುವ ಮೊದಲು ಮಣ್ಣನ್ನೂ ನೀರನ್ನೂ ಪರೀಕ್ಷಿಸತಕ್ಕದ್ದೆಂಬುದೇ ನಮ್ಮ ವಾದ. ಮೇಲೆ ಹಸುರು ಕಂಡಮಾತ್ರಕ್ಕೆ ನೆಲವು ಶುದ್ಧವಾಯಿತೆಂದು ಹೇಳಲಾಗದು. ಬಂಡೆಯನ್ನೊಡೆಯಲು ಉಪಯೋಗಿಸುವ ಸಿಡಿಮದ್ದಿನಲ್ಲಿ ಮುಖ್ಯವಾದುದು ಅಮೋನಿಯಂ ನೈಟ್ರೇಟ್. ಉರಿಯದೆ ಉಳಿದ ಅಂಶವು ಮಳೆನೀರಿನಲ್ಲಿ ಕರಗಿ, ಬಂಡೆಯ ಬಿರುಕುಗಳ ಮೂಲಕ ಬಾವಿಗಳಿಗಿಳಿಯಬಲ್ಲುದು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟು 45 ಮಿಲಿಗ್ರಾಮನ್ನು ಮೀರಕೂಡದೆಂಬುದು ನಮ್ಮ ದೇಶದ ನಿಯಮ. ಮೀರಿದಲ್ಲಿ ಅಪಾಯವು ಮೊದಲು ಹಸುಗೂಸುಗಳಿಗೆ. ಇದಲ್ಲದೆ ಯಂತ್ರಗಳಿಂದ ಸುರಿದ ಡೀಸೆಲ್ಲು, ಎಣ್ಣೆ, ಶ್ವಾಸಕೋಶವನ್ನು ಕೆಡಿಸುವ ನುಣ್ಣನೆಯ ಕಲ್ಲುಪುಡಿ ಇವೂ ಉಂಟು. ಕಾವಲಿಲ್ಲದ ಹಳ್ಳವು ಊರಿನ ಕಸಕ್ಕೆ ತಿಪ್ಪೆಯಾಗುವುದು ಎಲ್ಲರೂ ಕಂಡ ಸಂಗತಿ.

ಪರೀಕ್ಷೆಯನ್ನು ಉಪೇಕ್ಷಿಸಿದವರ ಪಾಡೇನಾಯಿತೆಂಬುದಕ್ಕೆ ಅಮೆರಿಕದ ಲವ್ ಕೆನಾಲ್ ಸಾಕ್ಷಿಯಾಗಿದೆ. ರಾಸಾಯನಿಕ ಕಲ್ಮಷವನ್ನು ಹೂತು ಮುಚ್ಚಿದ ಆ ನೆಲವನ್ನು 1953ರಲ್ಲಿ ಒಂದು ಡಾಲರಿಗೆ ಕೊಂಡು ಅಲ್ಲಿ ಮಕ್ಕಳ ಶಾಲೆಯನ್ನು ಕಟ್ಟಿದರು. 1978ರಲ್ಲಿ ಸರ್ಕಾರವು ತುರ್ತು ಪರಿಸ್ಥಿತಿಯನ್ನು ಘೋಷಿಸಿ ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಬೇಕಾಯಿತು. ಅಷ್ಟು ದೂರವೇಕೆ? ನಮ್ಮ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದರೂ, ಅದಿರಿನ ಪುಡಿಯ ದಿಬ್ಬಗಳು ಊರಿನ ಮಗ್ಗುಲಲ್ಲಿಯೇ ನಿಂತಿವೆ. ಇದಕ್ಕೆ ಪ್ರತಿಯಾಗಿ ಜರ್ಮನಿಯ ಡ್ಯೂಸ್‌ಬರ್ಗಿನಲ್ಲಿ 1985ರಲ್ಲಿ ನಿಂತ ಕಬ್ಬಿಣದ ಕಾರ್ಖಾನೆಯ ನೆಲವನ್ನು ಶೋಧಿಸಿ, ಕೆಟ್ಟ ಮಣ್ಣನ್ನು ಪ್ರತ್ಯೇಕಿಸಿ ಮುಚ್ಚಿ, 1994ರಲ್ಲಿ ಉದ್ಯಾನವಾಗಿ ತೆರೆದರು.

ಕಾನೂನಿಲ್ಲವೆಂದು ಸುಮ್ಮನಿರುವಂತಿಲ್ಲ. 2025ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರದವರು ಕಲುಷಿತ ನಿವೇಶನಗಳ ನಿರ್ವಹಣೆಗಾಗಿ ನಿಯಮಗಳನ್ನು ಹೊರಡಿಸಿದ್ದಾರೆ. ಅವುಗಳಂತೆ ಸ್ಥಳೀಯ ಸಂಸ್ಥೆಯಾಗಲಿ ಜಿಲ್ಲಾಡಳಿತವಾಗಲಿ ಶಂಕಿತ ಸ್ಥಳಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಕೊಡತಕ್ಕದ್ದು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಲಿಯು 90 ದಿನಗಳೊಳಗೆ ಪ್ರಾಥಮಿಕ ಪರೀಕ್ಷೆ ಮಾಡತಕ್ಕದ್ದು. ಆದರೆ ಗಣಿಗಾರಿಕೆಯ ಮಾಲಿನ್ಯವನ್ನು ಸಾಮಾನ್ಯವಾಗಿ ಇತರ ಕಾನೂನುಗಳಿಗೆ ಬಿಟ್ಟಿದ್ದಾರೆ. ಹೀಗಿರುವಲ್ಲಿ, ಇದು ಗಣಿ ಇಲಾಖೆಯದೆಂದು ಮಂಡಲಿಯವರೂ, ಮಂಡಲಿಯದೆಂದು ಗಣಿ ಇಲಾಖೆಯವರೂ ಕೈತೊಳೆದುಕೊಂಡರೆ ಇಬ್ಬರ ನಡುವೆ ಕೂಸು ಬಡವಾಗುವುದು ನಿಶ್ಚಯ.

ಆದುದರಿಂದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳನ್ನೊಳಗೊಂಡ ಪಾಂಡವಪುರ ಉಪವಿಭಾಗದ ಅಧಿಕಾರಿವರ್ಗಕ್ಕೆ ನಾವು ಸೂಚಿಸುವುದೇನೆಂದರೆ: ಕೈಬಿಟ್ಟ ಪ್ರತಿಯೊಂದು ಗಣಿಯಲ್ಲಿಯೂ ಯಾವ ಕೆಲಸ ಎಷ್ಟು ಕಾಲ ನಡೆಯಿತು, ಏನನ್ನು ಸುರಿದರು ಎಂಬುದನ್ನು ಕಾಗದಪತ್ರಗಳಿಂದಲೂ, ಅಲ್ಲಿ ದುಡಿದ ಕೂಲಿಗಳ ಬಾಯಿಂದಲೂ ತಿಳಿಯಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ, ಹಳ್ಳದ ಕೆಸರನ್ನೂ ಸುತ್ತಲಿನ ಬಾವಿಗಳ ನೀರನ್ನೂ ಪರೀಕ್ಷಿಸಬೇಕು. ಫಲಿತಾಂಶವನ್ನು ಕನ್ನಡದಲ್ಲಿ ಬರೆಸಿ ಗ್ರಾಮ ಪಂಚಾಯಿತಿಯ ಬಾಗಿಲಲ್ಲಿ ಅಂಟಿಸಬೇಕು. ಶುದ್ಧವೆಂದು ಕಂಡುದು ಮಕ್ಕಳ ಆಟದ ಬಯಲಾಗಲಿ. ಶಂಕೆಯುಳ್ಳದ್ದು ಬೇಲಿಯೊಳಗಿನ ಕಾಡಾಗಲಿ. ಕೆಟ್ಟದ್ದನ್ನು ಶುದ್ಧಿಮಾಡುವ ತನಕ ಯಾರೂ ಪ್ರವೇಶಿಸದಿರಲಿ.

ಇದಕ್ಕೆ ಹಣ ಬೇಕೆಂಬ ಆಕ್ಷೇಪಣೆ ಬರುವುದು ನಿಜ. ಬೆಟ್ಟವನ್ನೊಡೆದು ಲಾಭ ಪಡೆದವರೇ ಅದನ್ನು ತೆರುವುದು ನ್ಯಾಯ. ಅವರಿಂದ ವಸೂಲುಮಾಡುವುದು ಸರ್ಕಾರದವರ ಹೊಣೆ. ಗುಡ್ಡದ ಕಲ್ಲು ಹೋಯಿತು, ಅದು ಮರಳಿ ಬಾರದು. ಉಳಿದ ನೆಲವನ್ನಾದರೂ ಪರೀಕ್ಷಿಸಿ ಪ್ರಜೆಗಳ ಕೈಗೊಪ್ಪಿಸಲೆಂಬುದೇ ನಮ್ಮ ಕೋರಿಕೆ.