ಮನೆಯ ಕೈಗೆಲಸ: ಕಿರುಹಡಗಿನ ಹಗ್ಗ

ಹಾಯಿಹಡಗಿನ ಪ್ರತಿಕೃತಿಯನ್ನು ಮರದಿಂದ ರಚಿಸುವವರು ಅದರ ಒಡಲನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದರೂ, ಹಾಯಿಕಂಬಗಳಿಗೆ ಹೊಲಿಗೆಯ ದಾರವನ್ನು ಬಿಗಿದೊಡನೆ ಅದು ಆಟಿಕೆಯಾಗಿಬಿಡುವುದು. ದಾರವು ದಾರವಾಗಿಯೇ ಕಾಣುವುದಲ್ಲದೆ ಹಗ್ಗವಾಗಿ ತೋರದು. ತಕ್ಕ ಹಗ್ಗವನ್ನು ಮನೆಯಲ್ಲಿಯೇ ಹೊಸೆದುಕೊಳ್ಳಬಹುದು. ಆದರೆ ಹಗ್ಗದ ಧರ್ಮವನ್ನು ಮೊದಲು ತಿಳಿದಿರಬೇಕು.

ಸಂಸ್ಕೃತದಲ್ಲಿ ‘ಗುಣ’ವೆಂದರೆ ಸ್ವಭಾವವೂ ಹೌದು, ಹಗ್ಗದ ಎಳೆಯೂ ಹೌದು. ನೂಲುಗಳನ್ನು ಅವುಗಳ ಹುರಿಗೆ ವಿರುದ್ಧವಾದ ದಿಕ್ಕಿನಲ್ಲಿ ಕೂಡಿಸಿ ತಿರುಚಿದರೆ ಎಳೆಯಾಗುವುದು. ಮೂರು ಎಳೆಗಳನ್ನು ಮರಳಿ ನೂಲಿನ ದಿಕ್ಕಿಗೇ ಹೊಸೆದರೆ ಹಗ್ಗವಾಗುವುದು. ಪ್ರತಿಯೊಂದು ಹುರಿಯೂ ಬಿಚ್ಚಿಕೊಳ್ಳಲೆಳಸುವುದು. ಆ ಸೆಳೆತವೇ ಮತ್ತೊಂದನ್ನು ಬಿಗಿಯುವುದು. ಈ ವಿರೋಧದಿಂದಲೇ ಹಗ್ಗವು ನಿಂತಿದೆ.

ಇಂಗ್ಲೆಂಡಿನ ಚ್ಯಾಥಮ್‌ನಲ್ಲಿ 1765ರಲ್ಲಿ ನೀರಿಗಿಳಿದ ‘ವಿಕ್ಟರಿ’ ಯುದ್ಧನೌಕೆಯನ್ನು ನಿದರ್ಶನವಾಗಿ ಕೊಳ್ಳೋಣ. ಆ ಕಾಲದ ಇಂಗ್ಲಿಷ್ ನೌಕಾಪಡೆಯ ಲೆಕ್ಕದಲ್ಲಿ ಹಗ್ಗದ ಅಳತೆಯೆಂದರೆ ವ್ಯಾಸವಲ್ಲ, ಸುತ್ತಳತೆ. 12 ಅಂಗುಲದ ಹಗ್ಗವೆಂದರೆ ಅದರ ದಪ್ಪ ಸುಮಾರು 3.8 ಅಂಗುಲ ಮಾತ್ರ. 48ರಲ್ಲಿ ಒಂದು ಪಾಲಿನ ಪ್ರತಿಕೃತಿಗೆ ಅದು 2 ಮಿಲಿಮೀಟರು. ಇದನ್ನರಿಯದವರ ಹಡಗಿನಲ್ಲಿ ಹಗ್ಗಗಳೆಲ್ಲವೂ ಮೂರುಪಟ್ಟು ದಪ್ಪವಾಗುವುವು.

ಇನ್ನು ವಿಧಾನ. ಒಂದು ಹಲಗೆಗೆ ಮೂರು ತೂತುಗಳನ್ನು ಕೊರೆದು, ತಂತಿಯನ್ನು ಬಗ್ಗಿಸಿ ಮಾಡಿದ ಮೂರು ಕೊಕ್ಕೆಗಳನ್ನು ತೂರಿಸಿರಿ. ಅವುಗಳ ಹಿಡಿಕೆಗಳನ್ನು ಇನ್ನೊಂದು ಹಲಗೆಗೆ ಸೇರಿಸಿದರೆ ಮೂರೂ ಸಮನಾಗಿ ತಿರುಗುವುವು. ಒಂದೊಂದು ಕೊಕ್ಕೆಗೆ ಎರಡು ಅಥವಾ ಮೂರು ದಾರಗಳನ್ನು ಕಟ್ಟಿ, ಎದುರು ತುದಿಯಲ್ಲಿ ಎಲ್ಲವನ್ನೂ ಒಂದೇ ಕೊಕ್ಕೆಗೆ ಸಿಕ್ಕಿಸಿರಿ. ಬೆಂಡಿನ ಬಿರಡೆಯ ಪಕ್ಕದಲ್ಲಿ ಮೂರು ಗೀರುಗಳನ್ನು ಕೊರೆದು, ಅದನ್ನು ಒಂಟಿ ಕೊಕ್ಕೆಯ ಬಳಿ ಎಳೆಗಳ ನಡುವೆ ಇಡಿರಿ.

ಹಿಡಿಕೆಯ ಹಿಂದೆ ನಿಂತು ದಾರದತ್ತ ನೋಡುತ್ತ, ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗಿಸತಕ್ಕದ್ದು. ಎಳೆಗಳು ಬಿಗಿದಂತೆ ಗಿಡ್ಡವಾಗುವುದರಿಂದ ಒಂಟಿ ಕೊಕ್ಕೆಯನ್ನು ಹಿಡಿದವರು ಮೆಲ್ಲನೆ ಮುಂದೆ ಬರಬೇಕು. ಚೆನ್ನಾಗಿ ಬಿಗಿದ ಮೇಲೆ ಆ ಕೊಕ್ಕೆಯನ್ನು ಸ್ವೇಚ್ಛೆಯಾಗಿ ತಿರುಗಲು ಬಿಟ್ಟರೆ, ಬಿರಡೆಯ ಹಿಂದೆ ಹಗ್ಗವು ತಾನಾಗಿಯೇ ಹೆಣೆದುಕೊಳ್ಳುವುದು. ಹಿಡಿಕೆಯನ್ನು ತಿರುಗಿಸುತ್ತಲೇ ಬಿರಡೆಯನ್ನು ಮುಂದಕ್ಕೆ ಸರಿಸಬೇಕು.

ಹಗ್ಗವನ್ನು ನೆಟ್ಟಗೆ ಹಿಡಿದಾಗ ಎಳೆಗಳು ಎಡದಿಂದ ಬಲಕ್ಕೆ ಏರಿದ್ದರೆ ಅದು ಬಲಹುರಿ. ಹಡಗಿನ ಬಹುತೇಕ ಹಗ್ಗಗಳು ಈ ಬಗೆಯವು. ಅಂಗಡಿಯ ದಾರಕ್ಕೆ ಸಾಮಾನ್ಯವಾಗಿ ಮೊದಲೇ ಬಲಹುರಿಯಿರುತ್ತದೆ. ಆದುದರಿಂದ ಒಂದೇ ದಾರವನ್ನು ಎಳೆಯಾಗಿ ಕೊಂಡು ಅದರ ಹುರಿಯನ್ನೇ ಹೆಚ್ಚಿಸಿದರೆ ಹಗ್ಗವು ಎಡಹುರಿಯಾಗಿಬಿಡುವುದು. ಎಳೆಗೆ ಎರಡು ದಾರಗಳಾದರೂ ಇರಬೇಕೆಂಬುದಕ್ಕೆ ಇದೇ ಕಾರಣ.

ಸಿದ್ಧವಾದ ಹಗ್ಗವನ್ನು ಒಂದು ರಾತ್ರಿ ಭಾರ ಕಟ್ಟಿ ತೂಗಹಾಕಿರಿ. ಕಂಬಗಳನ್ನು ನಿಲ್ಲಿಸುವ ಹಗ್ಗಗಳಿಗೆ ಹಿಂದೆ ಕೀಲೆಣ್ಣೆ ಬಳಿಯುತ್ತಿದ್ದರಾದುದರಿಂದ ಅವು ಕಪ್ಪಾಗಿರಲಿ. ಹಾಯಿಗಳನ್ನು ಎಳೆಯುವವು ತಿಳಿಗಂದು ಬಣ್ಣದವಾಗಿರಲಿ.

ಹಿಡಿಕೆಗೊಬ್ಬರು, ಬಿರಡೆಗೊಬ್ಬರು, ಕೊಕ್ಕೆಗೊಬ್ಬರು: ಈ ಕೆಲಸಕ್ಕೆ ಮೂವರು ಬೇಕು. ಮನೆಯ ಮಕ್ಕಳನ್ನು ಕರೆದುಕೊಳ್ಳಿರಿ. ಕೈಯಲ್ಲಿ ಹೊಸೆದು ಕಲಿತುದನ್ನು ಅವರು ಮರೆಯಲಾರರು.