ಬಂದೂಕು ಹಿಡಿದಿದ್ದ ಕೈಗೆ ಮಕ್ಕಳ ಕೈ ಕೊಡಬಹುದೇ? ಅಮೆರಿಕದ ಪ್ರಯೋಗ, ಪುಣೆಗೆ ಪಾಠ

ಅದು 2005ರ ಡಿಸೆಂಬರ್ 13. ಮಧ್ಯರಾತ್ರಿ ಕಳೆದು ಅರ್ಧ ಗಂಟೆಯಾಗಿತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಸ್ಟ್ಯಾನ್ಲಿ 'ಟೂಕಿ' ವಿಲಿಯಮ್ಸ್‌ಗೆ ವಿಷದ ಚುಚ್ಚುಮದ್ದು ನೀಡಿ ಮರಣದಂಡನೆ ಜಾರಿ ಮಾಡಲಾಯಿತು. 1971ರಲ್ಲಿ ಲಾಸ್ ಏಂಜಲೀಸ್‌ನ ಕುಖ್ಯಾತ 'ಕ್ರಿಪ್ಸ್' ಗ್ಯಾಂಗ್ ಕಟ್ಟಿದ ಇಬ್ಬರಲ್ಲಿ ಈತ ಒಬ್ಬ. 1979ರಲ್ಲಿ ನಡೆದ ನಾಲ್ವರ ಕೊಲೆ ಪ್ರಕರಣದಲ್ಲಿ ಶಿಕ್ಷೆಯಾಗಿತ್ತು. ಆದರೆ ಇದೇ ವ್ಯಕ್ತಿ 1996ರಿಂದ ಜೈಲಿನ ಕೋಣೆಯಲ್ಲೇ ಕುಳಿತು, ಗ್ಯಾಂಗ್ ಸೇರಬೇಡಿ ಎಂದು ಮಕ್ಕಳಿಗಾಗಿ ಪುಸ್ತಕಗಳನ್ನು ಬರೆದಿದ್ದ. ನೊಬೆಲ್ ಪ್ರಶಸ್ತಿಗೂ ಆತನ ಹೆಸರು ಸೂಚಿತವಾಗಿತ್ತು.

ಬದಲಾದ ಮನುಷ್ಯನನ್ನು ಕೊಲ್ಲಬೇಡಿ ಎಂದು ಬೆಂಬಲಿಗರು ಬೇಡಿಕೊಂಡರು. ಆಗಿನ ಗವರ್ನರ್ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಒಪ್ಪಲಿಲ್ಲ. ಅವರು ಕೊಟ್ಟ ಕಾರಣ ಇಂದಿಗೂ ಚರ್ಚೆಯಲ್ಲಿದೆ: ಆ ನಾಲ್ಕು ಕೊಲೆಗಳಿಗೆ ಕ್ಷಮೆ ಕೇಳದವನು ಬದಲಾಗಿದ್ದಾನೆ ಎಂದು ನಂಬುವುದು ಹೇಗೆ? ಕ್ರಿಪ್ಸ್ ಕಟ್ಟಿದ್ದಕ್ಕೆ ವಿಲಿಯಮ್ಸ್ 1997ರಲ್ಲೇ ಬಹಿರಂಗವಾಗಿ ಕ್ಷಮೆ ಕೇಳಿದ್ದ. ಆದರೆ ಆ ಕೊಲೆಗಳನ್ನು ತಾನು ಮಾಡಿಲ್ಲ ಎಂದು ಕೊನೆಯವರೆಗೂ ಹೇಳುತ್ತಲೇ ಇದ್ದ.

ಇಪ್ಪತ್ತು ವರ್ಷ ಕಳೆದರೂ ಈ ಪ್ರಶ್ನೆ ಅಮೆರಿಕವನ್ನು ಬಿಟ್ಟಿಲ್ಲ. ಒಂದು ಕಾಲದಲ್ಲಿ ಗ್ಯಾಂಗಿನಲ್ಲಿದ್ದವರು ಇಂದು ಅಲ್ಲಿನ ಹತ್ತಾರು ನಗರಗಳಲ್ಲಿ ಹದಿಹರೆಯದವರಿಗೆ ಮಾರ್ಗದರ್ಶಕರು. ಅದಕ್ಕೆ ಸರ್ಕಾರದ ಸಂಬಳವೂ ಇದೆ. 2022ರಲ್ಲಿ ಬಂದೂಕು ಹಿಂಸೆ ತಡೆಯ ಕಾನೂನಿನಡಿ ಇಂಥ ಕಾರ್ಯಕ್ರಮಗಳಿಗೆ ಐದು ವರ್ಷಕ್ಕೆ 25 ಕೋಟಿ ಡಾಲರ್ ಮೀಸಲಿಡಲಾಯಿತು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಆಡಳಿತದ ನ್ಯಾಯ ಇಲಾಖೆ ಸುಮಾರು 80 ಕೋಟಿ ಡಾಲರ್ ಮೊತ್ತದ ಅನುದಾನಗಳನ್ನು ಒಮ್ಮೆಲೇ ರದ್ದು ಮಾಡಿದಾಗ, ಇಂಥ ಹಲವು ಸಂಸ್ಥೆಗಳೂ ಅದರಲ್ಲಿ ಸಿಕ್ಕಿಕೊಂಡವು. ಹಾಗಾಗಿ ಹಳೆಯ ವಾದ ಮತ್ತೆ ಎದ್ದಿದೆ. ಮಾಡಿದವನೇ ಉಣ್ಣಬೇಕೋ, ಮಾಡಿದವನಿಂದಲೇ ಉಳಿದವರನ್ನು ಉಳಿಸಿಕೊಳ್ಳಬೇಕೋ?

ಹಳೆಯ ಗ್ಯಾಂಗಿನವರೇ ಯಾಕೆ?

ಹಾವಿನ ಹೆಜ್ಜೆ ಹಾವಿಗೇ ಗೊತ್ತು ಎನ್ನುವುದು ಇದರ ಹಿಂದಿನ ಸರಳ ತರ್ಕ. ಸೇಡಿನ ಬಿಸಿಯಲ್ಲಿರುವ ಹದಿನಾರರ ಹುಡುಗ ಪೊಲೀಸರ ಮಾತು ಕೇಳುವುದಿಲ್ಲ, ಮೇಷ್ಟ್ರ ಮಾತಂತೂ ಇಲ್ಲವೇ ಇಲ್ಲ. ಆದರೆ ಅದೇ ಬೀದಿಯಲ್ಲಿ ಬೆಳೆದು, ಹತ್ತು-ಹದಿನೈದು ವರ್ಷ ಜೈಲಿನಲ್ಲಿ ಕಳೆದು ಬಂದವನು ಪಕ್ಕದಲ್ಲಿ ಕುಳಿತರೆ ಒಂದು ಗಳಿಗೆ ನಿಲ್ಲುತ್ತಾನೆ. ಆ ಒಂದು ಗಳಿಗೆ ಸಾಕು ಎಂಬುದೇ ಲೆಕ್ಕಾಚಾರ.

ಇದಕ್ಕೆ ವಿಜ್ಞಾನದ ಚೌಕಟ್ಟು ಕೊಟ್ಟವರು ಗ್ಯಾರಿ ಸ್ಲಟ್ಕಿನ್. ಅವರು ಪೊಲೀಸ್ ಅಧಿಕಾರಿಯಲ್ಲ, ಸಾಂಕ್ರಾಮಿಕ ರೋಗ ತಜ್ಞ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಷಯ, ಆಫ್ರಿಕಾದಲ್ಲಿ ಕಾಲರಾ ಮತ್ತು ಏಡ್ಸ್ ನಿಯಂತ್ರಣದಲ್ಲಿ ದುಡಿದವರು. ರೋಗ ಇರುವ ಸಮುದಾಯದಿಂದಲೇ ಕಾರ್ಯಕರ್ತರನ್ನು ಆರಿಸುವುದು ಅವರು ಕಲಿತ ಪಾಠ. 2000ದಲ್ಲಿ ಶಿಕಾಗೋದ ವೆಸ್ಟ್ ಗಾರ್ಫೀಲ್ಡ್ ಪಾರ್ಕ್‌ನಲ್ಲಿ 'ಸೀಸ್‌ಫೈರ್' ಆರಂಭಿಸಿದರು. ಹಿಂಸೆಯೂ ಸೋಂಕಿನಂತೆ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಕೊಂಡಿಯನ್ನು ನಡುವೆ ಕಡಿದರೆ ನಿಲ್ಲುತ್ತದೆ ಎಂಬುದು ಅವರ ವಾದ. ಈ ಕೆಲಸಗಾರರ ಬಗ್ಗೆ 2011ರಲ್ಲಿ ಬಂದ 'ದಿ ಇಂಟರಪ್ಟರ್ಸ್' ಸಾಕ್ಷ್ಯಚಿತ್ರ ಈ ಮಾದರಿಯನ್ನು ಜಗತ್ತಿಗೆ ಪರಿಚಯಿಸಿತು.

ಲಾಸ್ ಏಂಜಲೀಸ್‌ನದು ಬೇರೆ ದಾರಿ. ಪಾದ್ರಿ ಗ್ರೆಗ್ ಬಾಯ್ಲ್ 1988ರಲ್ಲಿ ಆರಂಭಿಸಿದ ಕೆಲಸ ಇಂದು 'ಹೋಮ್‌ಬಾಯ್ ಇಂಡಸ್ಟ್ರೀಸ್'. ಒಂದು ಕಾಲದಲ್ಲಿ ಪರಸ್ಪರ ಗುಂಡು ಹಾರಿಸಿಕೊಂಡ ಗ್ಯಾಂಗ್‌ಗಳ ಸದಸ್ಯರು ಇಲ್ಲಿನ ಬೇಕರಿಯಲ್ಲಿ ಒಟ್ಟಿಗೆ ಹಿಟ್ಟು ನಾದುತ್ತಾರೆ. ಗ್ಯಾಂಗಿನ ಹಚ್ಚೆಯನ್ನು ಉಚಿತವಾಗಿ ಅಳಿಸಿಕೊಡುತ್ತಾರೆ. ಮುಖದ ಮೇಲೆ ಗ್ಯಾಂಗಿನ ಹೆಸರಿದ್ದವನಿಗೆ ಕೆಲಸ ಕೊಡುವವರು ಯಾರು ಎಂಬ ಪ್ರಶ್ನೆಗೆ ಇದು ನೇರ ಉತ್ತರ.

ಕಳ್ಳನ ಕೈಗೆ ಬೀಗದ ಕೈ?

ಆಕ್ಷೇಪಗಳೂ ಹುರುಳಿಲ್ಲದವಲ್ಲ. ಮೊದಲನೆಯದು ನಂಬಿಕೆಯದು. ಲಾಸ್ ಏಂಜಲೀಸ್‌ನಲ್ಲಿ 'ನೋ ಗನ್ಸ್' ಎಂಬ ಸಂಸ್ಥೆ ನಗರಾಡಳಿತದ ಹಣ ಪಡೆದು ಗ್ಯಾಂಗ್ ವಿರೋಧಿ ಕೆಲಸ ಮಾಡುತ್ತಿತ್ತು. ಅದರ ಸ್ಥಾಪಕನೇ ಮಫ್ತಿ ಅಧಿಕಾರಿಗೆ ಅಕ್ರಮ ಬಂದೂಕು ಮಾರಿ ಸಿಕ್ಕಿಬಿದ್ದ. 2008ರಲ್ಲಿ ಜೈಲು ಶಿಕ್ಷೆಯಾಯಿತು. ಸಂಸ್ಥೆಯ ಹೆಸರೇ 'ಬಂದೂಕು ಬೇಡ', ಮಾರಿದ್ದು ಬಂದೂಕು!

ಆದರೆ ಮರುವರ್ಷವೇ ಇದಕ್ಕೆ ವಿರುದ್ಧವಾದ ಇನ್ನೊಂದು ಪ್ರಕರಣ ನಡೆಯಿತು. ಎಂಎಸ್-13 ಗ್ಯಾಂಗ್ ತೊರೆದು 'ಹೋಮೀಸ್ ಯೂನಿಡೋಸ್' ಮೂಲಕ ಯುವಕರ ನಡುವೆ ಕೆಲಸ ಮಾಡುತ್ತಿದ್ದ ಅಲೆಕ್ಸ್ ಸ್ಯಾಂಚೆಜ್ ಅವರನ್ನು, ಗುಟ್ಟಾಗಿ ಗ್ಯಾಂಗಿನಲ್ಲೇ ಇದ್ದಾರೆ ಎಂಬ ಆರೋಪದ ಮೇಲೆ 2009ರಲ್ಲಿ ಬಂಧಿಸಲಾಯಿತು. ಸುಮಾರು ಮೂರೂವರೆ ವರ್ಷದ ಬಳಿಕ, 2013ರಲ್ಲಿ, ಆರೋಪಗಳನ್ನು ಕೈಬಿಡಲಾಯಿತು. ಒಂದು ಕಡೆ ನಂಬಿ ಮೋಸ ಹೋದದ್ದು, ಇನ್ನೊಂದು ಕಡೆ ನಂಬದೆ ಒಬ್ಬನ ವರ್ಷಗಳನ್ನು ಕಿತ್ತುಕೊಂಡದ್ದು. ಎರಡೂ ಒಂದೇ ನಗರದಲ್ಲಿ ನಡೆದವು.

ಎರಡನೆಯ ಆಕ್ಷೇಪ ನ್ಯಾಯದ್ದು. ಕ್ಯಾಲಿಫೋರ್ನಿಯಾದ ರಿಚ್ಮಂಡ್ ನಗರ 2010ರಿಂದ ಗುಂಡು ಹಾರಿಸುವ ಸಾಧ್ಯತೆ ಹೆಚ್ಚಿರುವ ಯುವಕರನ್ನು ಗುರುತಿಸಿ, ಮಾರ್ಗದರ್ಶಕರನ್ನು ಜೊತೆ ಮಾಡಿ, ಗುರಿ ಮುಟ್ಟಿದವರಿಗೆ ತಿಂಗಳಿಗೆ ಗರಿಷ್ಠ 1,000 ಡಾಲರ್ ಭತ್ಯೆಯನ್ನೂ ಕೊಟ್ಟಿತು. ತಪ್ಪು ಮಾಡದೆ ಓದುತ್ತಿರುವ ಪಕ್ಕದ ಮನೆಯ ಹುಡುಗನಿಗೆ ಏನೂ ಇಲ್ಲ, ಬಂದೂಕು ಹಿಡಿದವನಿಗೆ ದುಡ್ಡೇ ಎಂದು ತೆರಿಗೆದಾರರು ಕೇಳಿದರು. ಕೇಳುವುದು ಸಹಜವೇ.

ಮೂರನೆಯ ಪ್ರಶ್ನೆ ಸಂತ್ರಸ್ತರದು. ಮಗನನ್ನು ಕಳೆದುಕೊಂಡ ತಾಯಿಗೆ, ಕೊಂದವನು ವೇದಿಕೆ ಏರಿ ಚಪ್ಪಾಳೆ ಗಿಟ್ಟಿಸುವುದು ಎಂಥ ನೋಟ? ಅವನಿಗೆ ಎರಡನೆಯ ಅವಕಾಶ ಸಿಕ್ಕಿತು, ಅವಳ ಮಗನಿಗೆ ಸಿಗಲಿಲ್ಲ.

ಅಂಕಿ ಅಂಶ ಹೇಳುವುದೇನು?

ಫಲಿತಾಂಶ ಎಲ್ಲ ಕಡೆ ಒಂದೇ ರೀತಿ ಇಲ್ಲ. ರಿಚ್ಮಂಡ್‌ನಲ್ಲಿ 2009ರಲ್ಲಿ 47 ಕೊಲೆಗಳಾಗಿದ್ದವು, 2014ರಲ್ಲಿ 11ಕ್ಕೆ ಇಳಿದವು. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಂದೂಕಿನಿಂದಾಗುವ ಸಾವು ಮತ್ತು ಆಸ್ಪತ್ರೆ ಪ್ರಕರಣಗಳು ವಾರ್ಷಿಕ ಶೇ 55ರಷ್ಟು ಕಡಿಮೆಯಾದವು. ಆದರೆ ಬಂದೂಕೇತರ ಹಿಂಸೆಯ ಸಾವು ಮತ್ತು ಆಸ್ಪತ್ರೆ ಪ್ರಕರಣಗಳು ಶೇ 16ರಷ್ಟು ಏರಿದ್ದನ್ನೂ ಅದೇ ಅಧ್ಯಯನ ದಾಖಲಿಸಿತು. ಬಾಲ್ಟಿಮೋರ್‌ನ 'ಸೇಫ್ ಸ್ಟ್ರೀಟ್ಸ್' ಕೆಲವು ಬಡಾವಣೆಗಳಲ್ಲಿ ಗೆದ್ದಿತು, ಕೆಲವೆಡೆ ಅಷ್ಟು ಪರಿಣಾಮ ಕಾಣಲಿಲ್ಲ. ಪಿಟ್ಸ್‌ಬರ್ಗ್‌ನ ಇಂಥದೇ ಕಾರ್ಯಕ್ರಮದ ಮೌಲ್ಯಮಾಪನದಲ್ಲಿ ಕೊಲೆಗಳು ಇಳಿದದ್ದು ಕಾಣಲಿಲ್ಲ, ಹಲ್ಲೆಗಳು ಹೆಚ್ಚಿದ್ದವು.

ಅಂಕಿಗಳಲ್ಲಿ ಕಾಣದ ಇನ್ನೊಂದು ಲೆಕ್ಕವಿದೆ. 2021ರ ಜನವರಿಯಿಂದ 2022ರ ಜನವರಿಯೊಳಗೆ ಬಾಲ್ಟಿಮೋರ್‌ನ ಮೂವರು 'ಸೇಫ್ ಸ್ಟ್ರೀಟ್ಸ್' ಕಾರ್ಯಕರ್ತರು ಗುಂಡಿಗೆ ಬಲಿಯಾದರು. ಇದು ಭಾಷಣ ಬಿಗಿದು ಮನೆಗೆ ಹೋಗುವ ಕೆಲಸವಲ್ಲ. ಮಾತಿಗೆ ಜೀವವನ್ನೇ ಒತ್ತೆ ಇಟ್ಟವರಿದ್ದಾರೆ.

ಹೊಣೆ ಎಂದರೆ ಏನು?

ಚರ್ಚೆ ಸಾಮಾನ್ಯವಾಗಿ ಎರಡು ಬಣವಾಗುತ್ತದೆ. ತಪ್ಪು ವ್ಯಕ್ತಿಯದು ಎನ್ನುವವರು ಒಂದು ಕಡೆ, ಬಡತನ, ಒಡೆದ ಮನೆ, ಮುಚ್ಚಿದ ಶಾಲೆ ಎನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಅರ್ಧ ಸತ್ಯವಿದೆ. ಅದೇ ಬೀದಿಯ, ಅದೇ ಬಡತನದ ಹೆಚ್ಚಿನ ಹುಡುಗರು ಗ್ಯಾಂಗ್ ಸೇರುವುದಿಲ್ಲ. ಹಾಗಾಗಿ ಆಯ್ಕೆ ಎಂಬುದು ಇದ್ದೇ ಇದೆ. ಆದರೆ ಹದಿನೈದರ ಹುಡುಗನ ಮುಂದಿರುವ ಆಯ್ಕೆಗಳು ಎಷ್ಟು ಎಂಬುದನ್ನು ಅವನೇ ತೀರ್ಮಾನಿಸಿದ್ದಲ್ಲ.

ಹಿಂಸೆ ಕಾಯಿಲೆಯಾದರೆ ಕೊಲೆಗಾರ ಕೇವಲ ರೋಗಿಯೇ ಎಂದು ಸ್ಲಟ್ಕಿನ್ ಮಾದರಿಯನ್ನು ಟೀಕಿಸುವವರು ಕೇಳುತ್ತಾರೆ. ನಮ್ಮೂರಿನ ಕ್ಷಯರೋಗಿಯನ್ನು ನೆನೆಸಿಕೊಳ್ಳಿ. ರೋಗ ಬಂದದ್ದು ಅವನ ತಪ್ಪಲ್ಲ. ಆದರೂ ಆರು ತಿಂಗಳು ಬಿಡದೆ ಮಾತ್ರೆ ನುಂಗುವ ಹೊಣೆ ಅವನದೇ. ಕಾರಣ ತಿಳಿಯುವುದು ಬೇರೆ, ಹೊಣೆಯಿಂದ ಬಿಡುಗಡೆ ಕೊಡುವುದು ಬೇರೆ.

ಒಳ್ಳೆಯ ಮಾರ್ಗದರ್ಶಕ ನಿಜವಾಗಿ ಕಲಿಸುವುದು ಇದನ್ನೇ. 'ನನಗೂ ಕಾರಣಗಳಿದ್ದವು, ಆದರೆ ಮಾಡಿದ್ದು ನಾನೇ' ಎಂದು ಹುಡುಗನ ಮುಖ ನೋಡಿ ಹೇಳಬಲ್ಲವನು ಅವನೊಬ್ಬನೇ. ಹಾಗೆ ಹೇಳಲಾಗದವನು, 'ವ್ಯವಸ್ಥೆ ನನ್ನನ್ನು ಹೀಗೆ ಮಾಡಿತು' ಎಂದಷ್ಟೇ ಹೇಳುವವನು, ಹುಡುಗನಿಗೆ ಇನ್ನೊಂದು ನೆಪ ಕೊಟ್ಟು ಹೋಗುತ್ತಾನೆ. ವಿಲಿಯಮ್ಸ್ ಪ್ರಕರಣದ ಗಂಟು ಇರುವುದೂ ಇಲ್ಲೇ. ಗ್ಯಾಂಗ್ ಕಟ್ಟಿದ್ದು ತಪ್ಪು ಎನ್ನುವ ಒಟ್ಟಾರೆ ಪಶ್ಚಾತ್ತಾಪ ಸುಲಭ, ಹೆಸರಿರುವ ನಾಲ್ವರ ಮುಂದೆ ತಲೆಬಾಗುವುದು ಕಷ್ಟ. ಆತ ನಿಜಕ್ಕೂ ನಿರಪರಾಧಿಯಾಗಿದ್ದರೆ, ಮಾಡದ ತಪ್ಪಿಗೆ ಕ್ಷಮೆ ಕೇಳುವುದಾದರೂ ಹೇಗೆ? ಗಲ್ಲಿಗೇರಿಸುವ ಅಧಿಕಾರ ಈ ಅನುಮಾನವನ್ನು ಶಾಶ್ವತವಾಗಿ ಮುಚ್ಚಿಬಿಟ್ಟಿತು.

ಪುಣೆಯ ಕೊಯ್ತಾ, ನಮ್ಮ ಪ್ರಶ್ನೆ

ಇದು ಅಮೆರಿಕದವರ ತಲೆನೋವು ಎಂದು ಪಕ್ಕಕ್ಕಿಡುವಂತಿಲ್ಲ. ಪುಣೆಯಲ್ಲಿರುವ ಓದುಗರಿಗೆ 'ಕೊಯ್ತಾ ಗ್ಯಾಂಗ್' ಎಂಬ ಪದ ಹೊಸದಲ್ಲ. ಕಬ್ಬು ಕಡಿಯುವ ಕತ್ತಿ ಹಿಡಿದು ಬೀದಿಯಲ್ಲಿ ದರ್ಬಾರು ನಡೆಸಿ ಸಿಕ್ಕಿಬಿದ್ದವರಲ್ಲಿ ಅಪ್ರಾಪ್ತರೂ ಇದ್ದರು. ನಮ್ಮ 2015ರ ಬಾಲ ನ್ಯಾಯ ಕಾಯ್ದೆ ಈ ವಿಷಯದಲ್ಲಿ ಎರಡೂ ಕಣ್ಣು ತೆರೆದಿದೆ. 16ರಿಂದ 18ರ ನಡುವಿನವರು ಘೋರ ಅಪರಾಧ ಎಸಗಿದರೆ, ಪರಿಣಾಮ ಅರಿಯುವ ಶಕ್ತಿ ಅವರಿಗಿತ್ತೇ ಎಂದು ಮಂಡಳಿ ಪರಿಶೀಲಿಸಿ, ವಯಸ್ಕರಂತೆ ವಿಚಾರಣೆಗೆ ಕಳುಹಿಸಬಹುದು. ಅದೇ ಕಾಯ್ದೆಯ 83ನೇ ಸೆಕ್ಷನ್, ಮಕ್ಕಳನ್ನು ಅಕ್ರಮ ಕೃತ್ಯಕ್ಕೆ ಬಳಸುವ ವಯಸ್ಕರಿಗೆ ಏಳು ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ. ಹೊಣೆ ಹುಡುಗನದೂ ಹೌದು, ಅವನ ಕೈಗೆ ಕತ್ತಿ ಕೊಟ್ಟವನದೂ ಹೌದು.

ಇಲ್ಲದಿರುವುದು ಮುಂದಿನ ಕೊಂಡಿ. ನಮ್ಮಲ್ಲಿ ಹಳೆಯ ರೌಡಿಗೆ ಸಿಗುವುದು ಎರಡೇ ಪಾತ್ರ. ಒಂದೋ ಠಾಣೆಯ ಮುಂದಿನ ರೌಡಿ ಪರೇಡಿನಲ್ಲಿ ತಲೆತಗ್ಗಿಸಿ ನಿಲ್ಲುವುದು, ಇಲ್ಲವೇ ಸಿನಿಮಾದ ಕಥೆಯಾಗುವುದು. ಬೆಂಗಳೂರಿನ ಭೂಗತ ಲೋಕದ ನೆನಪುಗಳ 'ದಾದಾಗಿರಿಯ ದಿನಗಳು' 2007ರಲ್ಲಿ 'ಆ ದಿನಗಳು' ಚಿತ್ರವಾಯಿತು. ಬರೆದವರ ಉದ್ದೇಶ ಏನೇ ಇರಲಿ, ಇಂಥ ಕಥೆಗಳಿಂದ ಹುಡುಗರು ನೆನಪಿಟ್ಟುಕೊಳ್ಳುವುದು ಸಂಭಾಷಣೆ ಮತ್ತು ಲಾಂಗು, ಜೈಲಿನ ವರ್ಷಗಳನ್ನಲ್ಲ.

ಅಮೆರಿಕದ ಅನುಭವದಿಂದ ಎತ್ತಿಕೊಳ್ಳಬಹುದಾದ ಷರತ್ತುಗಳು ಸ್ಪಷ್ಟವಾಗಿವೆ. ಹಿನ್ನೆಲೆಯ ಕಟ್ಟುನಿಟ್ಟಾದ ಪರಿಶೀಲನೆ, ಹಣದ ಲೆಕ್ಕ, ತರಬೇತಿ, ಹೊರಗಿನವರಿಂದ ಮೌಲ್ಯಮಾಪನ. ಎಲ್ಲಕ್ಕಿಂತ ಮೊದಲು, ಸಂತ್ರಸ್ತರ ಕುಟುಂಬಕ್ಕೂ ಮಾತಾಡಲು ಜಾಗ. ಇವಿಲ್ಲದೆ ಮಾರ್ಗದರ್ಶನ ಎಂಬುದು ಹೊಸ ಹೆಸರಿನ ದಾದಾಗಿರಿಯಾದೀತು.

ಇವೆಲ್ಲ ಇದ್ದರೂ ಮಗನನ್ನು ಕಳೆದುಕೊಂಡ ತಾಯಿಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆಕೆ ಕ್ಷಮಿಸಬೇಕು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಆಕೆಯ ಬೀದಿಯಲ್ಲಿ ಇನ್ನೊಬ್ಬ ತಾಯಿ ಅದೇ ಪ್ರಶ್ನೆ ಕೇಳುವಂತಾಗಬಾರದು. ಹಳೆಯ ಪಾಪಿಯ ಬದಲಾವಣೆಯನ್ನು ಅಳೆಯಬೇಕಾದದ್ದು ಅವನ ಭಾಷಣಕ್ಕೆ ಬಿದ್ದ ಚಪ್ಪಾಳೆಯಿಂದಲ್ಲ, ಆ ಬೀದಿಯಲ್ಲಿ ನಡೆಯದೇ ಹೋದ ಕೊಲೆಗಳಿಂದ.